ಗಿರಣಿ ಬಾಗಿಲಿಗೆ ಬಂದ ಯುದ್ಧ: ‘ಶರ್ಲಿ’ ಕಾದಂಬರಿಯನ್ನು ಓದುವ ಬಗೆ

ಕಾದಂಬರಿಗೆ ಹೋಗುವ ಮುಂಚೆ ಒಂದು ಕತ್ತರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ದರ್ಜಿಯ ಕೈಯಲ್ಲಿರುವ ಕತ್ತರಿಯಲ್ಲ. ಹತ್ತಿರ ಹತ್ತಿರ ನಾಲ್ಕು ಅಡಿ ಉದ್ದ, 18 ಕಿಲೋದಷ್ಟು ತೂಕ. ಎರಡು ಅಗಲವಾದ ಅಲಗುಗಳು, ಅವನ್ನು ಕೂಡಿಸಿ ಹಿಡಿದಿರುವ ಬಿಲ್ಲಿನಂಥ ಕಬ್ಬಿಣ. ಮೆತ್ತೆ ಹಾಸಿದ ಬಾಗು ಮೇಜಿನ ಮೇಲೆ ಉಣ್ಣೆ ಬಟ್ಟೆಯನ್ನು ಬಿಗಿದು, ಒಂದು ಅಲಗನ್ನು ಸೀಸದ ತೂಕವಿಟ್ಟು ಬಟ್ಟೆಯ ಮೇಲೆ ಮಲಗಿಸಿ, ಇನ್ನೊಂದನ್ನು ಹಿಡಿಯಿಂದ ಆಡಿಸುತ್ತಾ ಇಂಚಿಂಚೇ ಮುಂದಕ್ಕೆ ಸರಿಯಬೇಕು. ಈ ಕೆಲಸ ಮಾಡುವವರಿಗೆ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಕ್ರಾಪರ್ ಎಂದು ಹೆಸರು.

ನೇಯ್ದ ಉಣ್ಣೆ ಬಟ್ಟೆಯನ್ನು ಮೊದಲು ನೀರಿನಲ್ಲಿ ಕುಟ್ಟಿ ಗಟ್ಟಿ ಮಾಡುತ್ತಾರೆ. ಆಮೇಲೆ ಟೀಸಲ್ ಎಂಬ ಗಿಡದ ಒಣಗಿದ ಮುಳ್ಳುಗೊಂಡೆಗಳಿಂದ ಅದರ ಮೈ ಉಜ್ಜಿ ನವಿರೆಬ್ಬಿಸುತ್ತಾರೆ. ಎದ್ದ ನವಿರು ಒಂದೇ ಎತ್ತರದಲ್ಲಿ ಇರುವುದಿಲ್ಲ. ಅದನ್ನು ಸಮವಾಗಿ ಕತ್ತರಿಸಿದರೆ ಮಾತ್ರ ಬಟ್ಟೆಗೆ ಹೊಳಪು, ಮೃದುತನ. ಅಲಗು ಕೂದಲೆಳೆಯಷ್ಟು ಕೆಳಗಿಳಿದರೆ ಬಟ್ಟೆಗೇ ಗಾಯ, ಇಡೀ ತಾನು ಹಾಳು. ಮೇಲೆ ನಿಂತರೆ ಮೈ ಒರಟು. ನೂಲುವವರು, ನೇಯುವವರು ಎಷ್ಟೋ ದಿನ ದುಡಿದ ಬಟ್ಟೆಯ ಬೆಲೆ ಕೊನೆಗೆ ನಿರ್ಧಾರವಾಗುತ್ತಿದ್ದದ್ದು ಈ ಮೇಜಿನ ಮೇಲೆ. ಕತ್ತರಿಯ ಹಿಡಿ ವರ್ಷಗಟ್ಟಲೆ ಒತ್ತಿ ಕ್ರಾಪರ್‌ನ ಬಲ ಮಣಿಕಟ್ಟಿನಲ್ಲಿ ಜಡ್ಡುಗಟ್ಟುತ್ತಿತ್ತು. ಅದನ್ನು ಅವರು ಗೊರಸು ಎಂದೇ ಕರೆಯುತ್ತಿದ್ದರು. ಕೈ ನೋಡಿದರೆ ಕಸುಬು ಗೊತ್ತಾಗುತ್ತಿತ್ತು.

ಇಂಗ್ಲಿಷ್ ಕಾದಂಬರಿಕಾರ್ತಿ ಷಾರ್ಲಟ್ ಬ್ರಾಂಟೆಯ ‘ಶರ್ಲಿ’ಯಲ್ಲಿ ಈ ಮಣಿಕಟ್ಟು ಎಲ್ಲೂ ಕಾಣುವುದಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ದೂರದ ಯುದ್ಧವೊಂದು ಊರಿನ ಗಿರಣಿಯ ಬಾಗಿಲಿಗೆ ಹೇಗೆ ಬಂದು ನಿಲ್ಲುತ್ತದೆ ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ಕಂಡ ವಿಕ್ಟೋರಿಯನ್ ಕಾದಂಬರಿ ಇನ್ನೊಂದು ಸಿಗುವುದು ಕಷ್ಟ. ಆದರೆ ಆ ಬಾಗಿಲನ್ನು ಒಡೆಯಲು ಬಂದವರ ಮುಖ ನೋಡುವ ಹೊತ್ತಿಗೆ ಕಾದಂಬರಿ ಗುಡ್ಡದ ಮೇಲೆ ಹೋಗಿ ನಿಲ್ಲುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದು ಓದಬೇಕು.

ಪುಸ್ತಕ ಬಂದದ್ದು 1849ರ ಅಕ್ಟೋಬರಿನಲ್ಲಿ, ಮೂರು ಸಂಪುಟಗಳಲ್ಲಿ, ಕರರ್ ಬೆಲ್ ಎಂಬ ಅಂಕಿತನಾಮದಲ್ಲಿ. ಕಥೆ ನಡೆಯುವುದು 1811–12ರಲ್ಲಿ. ನಡುವೆ ಸುಮಾರು ನಾಲ್ವತ್ತು ವರ್ಷಗಳ ಅಂತರವಿದೆ. ಬ್ರಾಂಟೆ ಬರೆಯಲು ಕೂತದ್ದು 1848ರಲ್ಲಿ. ಯುರೋಪಿನ ರಾಜಧಾನಿಗಳಲ್ಲಿ ಕ್ರಾಂತಿ ಎದ್ದಿತ್ತು, ಏಪ್ರಿಲ್ 10ರಂದು ಲಂಡನ್ನಿನ ಕೆನಿಂಗ್ಟನ್ ಮೈದಾನದಲ್ಲಿ ಚಾರ್ಟಿಸ್ಟರು ಮತದಾನದ ಹಕ್ಕಿಗಾಗಿ ಸೇರಿದ್ದರು. ತನ್ನ ಕಾಲದ ಕಾರ್ಮಿಕರ ಬಗ್ಗೆ ನೇರವಾಗಿ ಬರೆಯದೆ ತಂದೆಯ ಕಾಲದ ಕಾರ್ಮಿಕರ ಕಡೆಗೆ ಆಕೆ ತಿರುಗಿದರು. ಸಾಮಗ್ರಿ ಕೈಗೆಟಕುವಂತಿತ್ತು. ತಂದೆ ಪ್ಯಾಟ್ರಿಕ್ ಬ್ರಾಂಟೆ 1811ರಿಂದ 1815ರವರೆಗೆ ಹಾರ್ಟ್ಸ್‌ಹೆಡ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದವರು. ಕಾದಂಬರಿಯ ಮುಖ್ಯ ಘಟನೆಗಳೆಲ್ಲ ನಿಜವಾಗಿ ನಡೆದದ್ದು ಆ ಸುತ್ತಿನಲ್ಲೇ. ಆಕೆ ಮುಂದೆ ಓದಿದ ರೋ ಹೆಡ್ ಶಾಲೆಯೂ ಅದೇ ಸೀಮೆಯದು. ಇದು ಸಾಲದೆಂದು ‘ಲೀಡ್ಸ್ ಮರ್ಕ್ಯುರಿ’ ಪತ್ರಿಕೆಯ 1812ರ ಹಳೆಯ ಸಂಚಿಕೆಗಳನ್ನು ತರಿಸಿಕೊಂಡು ಓದಿದರು.

ಈಗ ಯುದ್ಧದ ಸರಪಳಿ. ಕಾದಂಬರಿಯಲ್ಲಿ ‘ಆರ್ಡರ್ಸ್ ಇನ್ ಕೌನ್ಸಿಲ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ಬಿಡಿಸಿಕೊಳ್ಳದೆ ಮುಂದೆ ಹೋದ ಓದುಗರಿಗೆ ಅರ್ಧ ಪುಸ್ತಕ ಮಸುಕು ಮಸುಕಾಗಿಯೇ ಉಳಿಯುತ್ತದೆ. 1806ರ ನವೆಂಬರ್ 21ರಂದು ನೆಪೋಲಿಯನ್ ಬರ್ಲಿನ್‌ನಿಂದ ಆಜ್ಞೆ ಹೊರಡಿಸಿದ: ತನ್ನ ಹಿಡಿತದ ಯುರೋಪಿನಲ್ಲಿ ಬ್ರಿಟಿಷ್ ಸರಕು ಇಳಿಯಕೂಡದು. ಬ್ರಿಟನ್ 1807ರಲ್ಲಿ ಮರು ಆಜ್ಞೆ ಹೊರಡಿಸಿತು, ಇವೇ ‘ಆರ್ಡರ್ಸ್ ಇನ್ ಕೌನ್ಸಿಲ್’: ಯಾವ ಪಕ್ಷಕ್ಕೂ ಸೇರದ ದೇಶದ ಹಡಗಾದರೂ ಸರಿ, ಫ್ರಾನ್ಸಿನ ಹಿಡಿತದ ಬಂದರಿಗೆ ಹೋಗುವ ಮೊದಲು ನಮ್ಮ ಬಂದರಿಗೆ ಬಂದು ಸುಂಕ ಕಟ್ಟಿ ಹೋಗಬೇಕು. ಆ ‘ಯಾವ ಪಕ್ಷಕ್ಕೂ ಸೇರದ ದೇಶ’ ಎಂದರೆ ಮುಖ್ಯವಾಗಿ ಅಮೆರಿಕ. ಅದು ಸಿಟ್ಟಿಗೆದ್ದು ತನ್ನ ಮಾರುಕಟ್ಟೆಯನ್ನು ಬ್ರಿಟಿಷ್ ಸರಕಿಗೆ ಮುಚ್ಚುತ್ತಾ ಹೋಗಿ, 1811ರ ಹೊತ್ತಿಗೆ ಪೂರ್ತಿ ಕದ ಹಾಕಿತು. ಅಮೆರಿಕಕ್ಕೆ ಹೋಗುತ್ತಿದ್ದ ಬ್ರಿಟಿಷ್ ರಫ್ತು 1810ರಲ್ಲಿ ಸುಮಾರು 1 ಕೋಟಿ 10 ಲಕ್ಷ ಪೌಂಡ್ ಇದ್ದದ್ದು ಮರುವರ್ಷವೇ 20 ಲಕ್ಷಕ್ಕಿಂತ ಕೆಳಗಿಳಿಯಿತು. ಯಾರ್ಕ್‌ಷೈರಿನ ಉಣ್ಣೆ ಬಟ್ಟೆಗೆ ದೊಡ್ಡ ಗಿರಾಕಿ ಅಮೆರಿಕವೇ ಆಗಿತ್ತು. ಬಟ್ಟೆ ಉಗ್ರಾಣದಲ್ಲಿ ಬಿತ್ತು. ಇನ್ನೊಂದು ಕಡೆ ಗೋಧಿಯ ಬೆಲೆ ಏರಿ 1812ರಲ್ಲಿ ಸರಾಸರಿ ಕ್ವಾರ್ಟರ್‌ಗೆ 126 ಷಿಲಿಂಗ್ ಮುಟ್ಟಿತು. ಕ್ವಾರ್ಟರ್ ಎಂದರೆ ಎಂಟು ಬುಷೆಲ್, ಎರಡು ಕ್ವಿಂಟಲ್ ಮೇಲೆ ಸ್ವಲ್ಪ. ಕೂಲಿ ಇಲ್ಲದ ಮನೆಗೆ ರೊಟ್ಟಿ ತುಟ್ಟಿಯಾದ ವರ್ಷ ಅದು.

ಕಾದಂಬರಿಯ ನಾಯಕ ರಾಬರ್ಟ್ ಮೂರ್‌ನನ್ನು ಬ್ರಾಂಟೆ ಈ ಸರಪಳಿಯ ನಟ್ಟನಡುವೆ ನಿಲ್ಲಿಸುತ್ತಾರೆ. ತಾಯಿ ಆಂಟ್‌ವರ್ಪ್‌ನವಳು, ಮನೆತನದ ವ್ಯಾಪಾರ ಫ್ರೆಂಚ್ ಕ್ರಾಂತಿಯ ಹೊಡೆತಕ್ಕೆ ಮುಳುಗಿದೆ, ತೀರಿಸಬೇಕಾದ ಸಾಲ ತಲೆಯ ಮೇಲಿದೆ. ಬಾಡಿಗೆಗೆ ಹಿಡಿದ ಹಾಲೋಸ್ ಮಿಲ್‌ನ ಉಗ್ರಾಣದಲ್ಲಿ ಮಾರಾಟವಾಗದ ಬಟ್ಟೆ ತುಂಬಿದೆ. ಖರ್ಚು ಇಳಿಸಲು ಅವನಿಗೆ ಕಾಣುವ ದಾರಿ ಒಂದೇ, ಹೊಸ ಯಂತ್ರ. ಅಂದರೆ ಯುದ್ಧ ಮಾರುಕಟ್ಟೆಯನ್ನು ಮುಚ್ಚಿತು, ಮುಚ್ಚಿದ ಮಾರುಕಟ್ಟೆ ಮಾಲೀಕನನ್ನು ಯಂತ್ರದ ಕಡೆಗೆ ನೂಕಿತು, ಯಂತ್ರ ಕಾರ್ಮಿಕನನ್ನು ಬೀದಿಗೆ ತಳ್ಳಿತು. ತಪ್ಪು ಯಾರದು ಎಂದು ಕೇಳಿದರೆ ಪ್ರತಿಯೊಬ್ಬರೂ ಮೇಲಿನವರ ಕಡೆಗೆ ಕೈ ತೋರಿಸಬಹುದು. ಹೊಟ್ಟೆಗಿಲ್ಲದ ಸಂಕಟವೇ ದ್ವೇಷವನ್ನು ಹುಟ್ಟಿಸುತ್ತದೆ, ಮೊದಲು ಯಂತ್ರದ ಮೇಲೆ, ಆಮೇಲೆ ಅದನ್ನಿಟ್ಟ ಕಟ್ಟಡದ ಮೇಲೆ, ಆಮೇಲೆ ಕಟ್ಟಡದ ಒಡೆಯನ ಮೇಲೆ ಎಂದು ಎರಡನೇ ಅಧ್ಯಾಯದಲ್ಲೇ ಬ್ರಾಂಟೆ ಹೇಳಿಬಿಡುತ್ತಾರೆ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಆಕೆಗೆ ಗೌರವ ಸಲ್ಲಬೇಕು.

ಯುದ್ಧದ ವಿಚಾರದಲ್ಲಿ ಉಳ್ಳವರೊಳಗೇ ಒಡಕಿದೆ. ಮೂರ್‌ಗೆ ಶಾಂತಿ ಬೇಕು, ವ್ಯಾಪಾರ ನಡೆಯಬೇಕು. ಪಾದ್ರಿ ಹೆಲ್‌ಸ್ಟನ್ ಸೇನಾಪತಿಯಾಗಬೇಕಿದ್ದ ಮನುಷ್ಯ, ಸ್ಪೇನಿನಲ್ಲಿ ನೆಪೋಲಿಯನ್ನನ ಪಡೆಗಳ ಎದುರು ಕಾದುತ್ತಿದ್ದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ನ ಆರಾಧಕ. ಇಲ್ಲಿ ಮೈಸೂರು ಸೀಮೆಯವರು ಒಂದು ಕ್ಷಣ ನಿಲ್ಲಬಹುದು. ಹೆಲ್‌ಸ್ಟನ್ ಹಾಡಿ ಹೊಗಳುವ ಈ ವೆಲಿಂಗ್ಟನ್ ನಮ್ಮವರಿಗೆ 1799ರ ಶ್ರೀರಂಗಪಟ್ಟಣದಿಂದ ಗೊತ್ತಿರುವ ಆರ್ಥರ್ ವೆಲ್ಲೆಸ್ಲಿಯೇ. ಟಿಪ್ಪು ಬಿದ್ದ ಮೇಲೆ ಪಟ್ಟಣದ ಆಡಳಿತ ಹಿಡಿದು, ಮರುವರ್ಷ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಕೊಂದವನು. ಮೂರ್, ಹೆಲ್‌ಸ್ಟನ್ ಇಬ್ಬರಿಗೂ ಯುದ್ಧದ ಮಾತಿನಲ್ಲೇ ಜಗಳವಾಗಿ, ಹೆಲ್‌ಸ್ಟನ್ ತನ್ನ ತಮ್ಮನ ಮಗಳು ಕ್ಯಾರೊಲಿನ್ ಮೂರ್‌ನ ಮನೆಗೆ ಕಾಲಿಡಬಾರದೆಂದು ತಡೆಯುತ್ತಾನೆ. ಸ್ಪೇನಿನಲ್ಲಿ ನಡೆಯುವ ಕಾಳಗ ಯಾರ್ಕ್‌ಷೈರಿನ ಹುಡುಗಿಯೊಬ್ಬಳ ಪ್ರೀತಿಯನ್ನು ಕಡಿಯುತ್ತದೆ. ಆದರೆ ಗಿರಣಿಗೆ ಕಲ್ಲು ಬೀಳುವ ಸುದ್ದಿ ಬಂದ ಕೂಡಲೇ ಇದೇ ಹೆಲ್‌ಸ್ಟನ್ ಪಿಸ್ತೂಲು ಹಿಡಿದು ಮೂರ್‌ನ ಪಕ್ಕ ನಿಲ್ಲುತ್ತಾನೆ. ಯುದ್ಧ ಒಡೆದವರನ್ನು ಆಸ್ತಿ ಕೂಡಿಸುತ್ತದೆ. ಕಾದಂಬರಿಯ ರಾಜಕೀಯ ಪ್ರಜ್ಞೆ ಇಲ್ಲಿ ತುಂಬ ಚುರುಕಾಗಿದೆ.

ಎಂಟನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಕಾರ್ಮಿಕರ ನಿಯೋಗ ಗಿರಣಿಯ ಅಂಗಳಕ್ಕೆ ಬರುತ್ತದೆ. ಮುಂದಾಳು ಮೋಸಸ್ ಬ್ಯಾರಕ್ಲಾ, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಮರಗಾಲಿನ ಬೋಧಕ, ಮಾತಿನಲ್ಲಿ ಬರೀ ಬೆಣ್ಣೆ. ಯಂತ್ರ ಒಡೆದ ಆರೋಪದ ಮೇಲೆ ಮೂರ್ ಅವನನ್ನು ಅಲ್ಲೇ ಬಂಧಿಸುತ್ತಾನೆ. ಆಮೇಲೆ ವಿಲಿಯಂ ಫ್ಯಾರನ್ ಎಂಬವನು ಮುಂದೆ ಬಂದು ಮಾತಾಡುತ್ತಾನೆ. ಹೊಸ ಯಂತ್ರ ತಪ್ಪೆಂದು ನಾನು ಹೇಳುವುದಿಲ್ಲ, ಬಡವರು ಉಪವಾಸ ಸಾಯುವುದು ಸರಿಯಲ್ಲ ಎಂದಷ್ಟೇ ಗೊತ್ತು, ಸ್ವಲ್ಪ ನಿಧಾನಿಸಿ ತನ್ನಿ ಎನ್ನುತ್ತಾನೆ. ನಿಧಾನಿಸಿ ಎಂಬುದಷ್ಟೇ ಅವನ ಬೇಡಿಕೆ. ಮೂರ್‌ನ ಉತ್ತರ: ನಾನು ನಿಂತರೆ ಉಳಿದವರು ನಿಲ್ಲುವುದಿಲ್ಲ, ಈ ಗಿರಣಿಯನ್ನು ಸುಟ್ಟರೆ ಇದೇ ಬೂದಿಯ ಮೇಲೆ ಇನ್ನೂ ಒಳ್ಳೆಯ ಗಿರಣಿ ಏಳುತ್ತದೆ. ಇಬ್ಬರ ಮಾತೂ ಅವರವರ ಜಾಗದಲ್ಲಿ ನಿಜ. ಬ್ರಾಂಟೆ ಯಾರ ಬಾಯಿಯನ್ನೂ ಕಟ್ಟಿಲ್ಲ. ಫ್ಯಾರನ್ ಬರಿಗೈಲಿ ಮನೆಗೆ ಹೋಗುತ್ತಾನೆ.

ಆದರೆ ಕಾದಂಬರಿಯ ಮೌನ ಶುರುವಾಗುವುದೂ ಇಲ್ಲೇ. ಕ್ರಾಪರ್‌ಗಳ ಕಸುಬನ್ನು ನುಂಗಿದ್ದು ಎರಡು ಯಂತ್ರ. ಒಂದು ಗಿಗ್ ಮಿಲ್, ಟೀಸಲ್ ಗೊಂಡೆಗಳನ್ನು ಜೋಡಿಸಿದ ಉರುಳೆ. ಅದು ನೀರಿನ ಬಲದಿಂದ ತಿರುಗಿ ನವಿರೆಬ್ಬಿಸುತ್ತದೆ. ಇನ್ನೊಂದು ಶಿಯರಿಂಗ್ ಫ್ರೇಮ್. ಅದರಲ್ಲಿ ಹೊಸ ಕತ್ತರಿಯೇನೂ ಇಲ್ಲ, ನಾನು ಮೊದಲು ಹೇಳಿದ ಕೈಗತ್ತರಿಯನ್ನೇ ಚೌಕಟ್ಟಿಗೆ ಬಿಗಿದು ನೀರಿನ ಬಲದಿಂದ ಬಟ್ಟೆಯ ಮೇಲೆ ಎಳೆಯುವ ಏರ್ಪಾಟು. ಮಣಿಕಟ್ಟಿನ ಜಾಗಕ್ಕೆ ಚೌಕಟ್ಟು ಬಂತು. ನುರಿತವನು ನಿಂತ ಕಡೆ ಕೆಲಸ ಅಷ್ಟಾಗಿ ಗೊತ್ತಿಲ್ಲದ ಹುಡುಗ ನಿಂತರೂ ನಡೆಯುತ್ತದೆ. ಗಿಗ್ ಮಿಲ್ಲನ್ನು ಆರನೇ ಎಡ್ವರ್ಡ್‌ನ ಕಾಲದ, ಅಂದರೆ 16ನೇ ಶತಮಾನದ ಕಾನೂನೊಂದು ನಿಷೇಧಿಸಿತ್ತು. ಆ ಕಾನೂನು ಹೇಳುವ ಯಂತ್ರವೇ ಈ ಯಂತ್ರವೋ ಎಂಬ ವಾದ ಇದ್ದರೂ ಕ್ರಾಪರ್‌ಗಳು ಅದನ್ನೇ ನೆಚ್ಚಿದ್ದರು. ದುಡ್ಡು ಕೂಡಿಸಿ ವಕೀಲರನ್ನಿಟ್ಟು ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದರು. ಪಾರ್ಲಿಮೆಂಟು 1803ರಿಂದ ವರ್ಷ ವರ್ಷವೂ ಆ ಕಾನೂನನ್ನು ಅಮಾನತಿನಲ್ಲಿಟ್ಟು, 1809ರಲ್ಲಿ ರದ್ದೇ ಮಾಡಿತು. ಸಂಘ ಕಟ್ಟೋಣವೆಂದರೆ 1799 ಮತ್ತು 1800ರ ಕಾಯ್ದೆಗಳು ಅದನ್ನು ಅಪರಾಧ ಮಾಡಿದ್ದವು. ಇಷ್ಟೆಲ್ಲ ಬಾಗಿಲು ಮುಚ್ಚಿದ ಮೇಲೆ ಸುತ್ತಿಗೆ ಎದ್ದಿತು. ಹೀಗೆ ಯಂತ್ರ ಒಡೆದವರಿಗೆ ಲಡ್ಡೈಟರು ಎಂದು ಹೆಸರು. ಲಡ್ಡೈಟ್ ಎಂದರೆ ಯಂತ್ರ ಕಂಡರೆ ಹೆದರುವವನು ಎಂದು ಇವತ್ತು ಬಳಸುತ್ತೇವೆ. ಆ ಬಳಕೆ ಈ ಜನರಿಗೆ ಅನ್ಯಾಯ. ಅವರು ಸಿಕ್ಕ ಸಿಕ್ಕ ಯಂತ್ರವನ್ನೆಲ್ಲ ಒಡೆಯಲಿಲ್ಲ, ಯಾವುದನ್ನು ಯಾಕೆ ಒಡೆಯುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ದೊಡ್ಡ ಸುತ್ತಿಗೆಗೆ ಅವರಿಟ್ಟ ಹೆಸರು ಈನಕ್. ಶಿಯರಿಂಗ್ ಫ್ರೇಮ್ ತಯಾರಿಸುತ್ತಿದ್ದ ಮಾರ್ಸ್‌ಡೆನ್ ಊರಿನ ಕಮ್ಮಾರ ಈನಕ್ ಟೇಲರ್‌ನ ಹೆಸರೇ ಅದು. ಮಾಡಿದವನೂ ಈನಕ್, ಮುರಿಯುವವನೂ ಈನಕ್ ಎಂಬುದು ಅವರ ಮಾತು.

1812ರಲ್ಲಿ ನಿಜವಾಗಿ ನಡೆದದ್ದು ಹೀಗೆ. ಲಿವರ್‌ಸೆಜ್ ಹತ್ತಿರ ರಾಫೋಲ್ಡ್ಸ್ ಎಂಬಲ್ಲಿ ವಿಲಿಯಂ ಕಾರ್ಟ್‌ರೈಟ್ ಎಂಬವನ ಗಿರಣಿ. ಫೆಬ್ರವರಿಯಲ್ಲಿ ಅವನಿಗೆ ಬರುತ್ತಿದ್ದ ಫ್ರೇಮುಗಳನ್ನು ಹಾರ್ಟ್ಸ್‌ಹೆಡ್ ಬಯಲಿನಲ್ಲಿ ಗಾಡಿಯ ಮೇಲೇ ಪುಡಿ ಮಾಡಿದರು. ಕಾದಂಬರಿಯ ಎರಡನೇ ಅಧ್ಯಾಯ, ಗಾಡಿಗಳ ಅಧ್ಯಾಯ, ಇದೇ. ಕಾರ್ಟ್‌ರೈಟ್ ಗಿರಣಿಯಲ್ಲೇ ಮಲಗತೊಡಗಿದ. ನೆಲದ ಚಪ್ಪಡಿಗಳನ್ನು ರಾಟೆಯಿಂದ ಮೇಲೆತ್ತಿ ನಿಲ್ಲಿಸಿ, ಅದರ ಮರೆಯಿಂದ ಕೆಳಗೆ ಗುಂಡು ಹಾರಿಸುವ ಹಾಗೆ ಮಾಡಿಕೊಂಡ. ಮೆಟ್ಟಿಲಿಗೆ ಮೊಳೆ ಹೊಡೆದ ಉರುಳೆ, ಮೆಟ್ಟಿಲ ತುದಿಯಲ್ಲಿ ಗಂಧಕಾಮ್ಲದ ಜಾಡಿ, ಸೈನಿಕರನ್ನು ಕರೆಯಲು ಛಾವಣಿಯಲ್ಲಿ ಗಂಟೆ. ಒಳಗಿದ್ದವರು ಅವನು, ನಾಲ್ಕು ಕೆಲಸಗಾರರು, ಐದು ಸೈನಿಕರು. ಏಪ್ರಿಲ್ 11ರ ರಾತ್ರಿ ನೂರಕ್ಕೂ ಮೇಲೆ ಜನ ಬಂದರು. ಇಪ್ಪತ್ತು ನಿಮಿಷದಷ್ಟು ಹೊತ್ತು ನಡೆಯಿತು. ಬಾಗಿಲು ಒಡೆಯಲಿಲ್ಲ. ಸ್ಯಾಮ್ಯುಯಲ್ ಹಾರ್ಟ್ಲಿ, ಜಾನ್ ಬೂತ್ ಎಂಬಿಬ್ಬರು ಗುಂಡೇಟಿನಿಂದ ಸತ್ತರು. ಬೂತ್‌ಗೆ 19 ವರ್ಷ, ಪಾದ್ರಿಯೊಬ್ಬರ ಮಗ, ಕುದುರೆಯ ಜೀನು ಹೊಲಿಯುವ ಕೆಲಸ ಕಲಿಯುತ್ತಿದ್ದವನು. ಸಾಯುವ ಮುಂಚೆ ಹತ್ತಿರ ಬಂದ ಪಾದ್ರಿಯನ್ನು, ಗುಟ್ಟು ಇಟ್ಟುಕೊಳ್ಳುತ್ತೀರಾ ಎಂದು ಕೇಳಿ, ಹೌದೆಂದಾಗ, ನಾನೂ ಇಟ್ಟುಕೊಳ್ಳುತ್ತೇನೆ ಎಂದು ಕಣ್ಣು ಮುಚ್ಚಿದನೆಂದು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಒಳಗಿದ್ದ ಸೈನಿಕರಲ್ಲಿ ಒಬ್ಬ ಗುಂಡು ಹಾರಿಸಲು ಒಪ್ಪದೆ ಚಾಟಿಯೇಟಿನ ಶಿಕ್ಷೆಗೆ ಗುರಿಯಾದ.

ಈ ಗುಂಡು ಹಾರಿಸದ ಸೈನಿಕ ಕಾದಂಬರಿಯಲ್ಲಿಲ್ಲ. ಗುಟ್ಟು ಬಿಡದ ಹುಡುಗನೂ ಇಲ್ಲ. ಕಾದಂಬರಿಕಾರರು ಇತಿಹಾಸದಲ್ಲಿ ಏನನ್ನು ಆರಿಸುತ್ತಾರೆ, ಏನನ್ನು ಬಿಡುತ್ತಾರೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ.

ಹತ್ತೊಂಬತ್ತನೇ ಅಧ್ಯಾಯದಲ್ಲಿ ಬ್ರಾಂಟೆ ದಾಳಿಯನ್ನು ವಿಟ್ಸನ್ ಎಂಬ ಕ್ರೈಸ್ತ ಹಬ್ಬದ ರಾತ್ರಿಗೆ ಸರಿಸುತ್ತಾರೆ. ಹಗಲು ಭಾನುವಾರ ಶಾಲೆಯ ಮಕ್ಕಳ ಮೆರವಣಿಗೆ, ಇಕ್ಕಟ್ಟಿನ ಓಣಿಯಲ್ಲಿ ಎದುರು ಪಂಥದವರ ಮೆರವಣಿಗೆಯ ಜೊತೆ ಮುಖಾಮುಖಿ, ಹಾಡಿನಿಂದಲೇ ಅವರನ್ನು ಹಿಮ್ಮೆಟ್ಟಿಸುವ ಆಟದಂಥ ಯುದ್ಧ. ರಾತ್ರಿ ನಿಜವಾದದ್ದು. ಆದರೆ ಅದನ್ನು ನಾವು ಗಿರಣಿಯೊಳಗಿಂದ ನೋಡುವುದಿಲ್ಲ, ಸುತ್ತಿಗೆ ಹಿಡಿದವರ ನಡುವಿನಿಂದಲೂ ನೋಡುವುದಿಲ್ಲ. ಕಾದಂಬರಿಗೆ ಹೆಸರು ಕೊಟ್ಟ ನಾಯಕಿ ಶರ್ಲಿ, ಕ್ಯಾರೊಲಿನ್ ಇಬ್ಬರು ಹೆಂಗಸರು ಕತ್ತಲಲ್ಲಿ ಎತ್ತರದ ಜಾಗದಲ್ಲಿ ನಿಂತು ಕೇಳುತ್ತಾರೆ. ನೂರಾರು ಹೆಜ್ಜೆಗಳ ಸದ್ದು, ಗೇಟು ಬೀಳುವ ಸದ್ದು, ಕಿಟಕಿಯ ಗಾಜೆಲ್ಲ ಒಟ್ಟಿಗೆ ಸಿಡಿಯುವ ಸದ್ದು, ಒಂದು ಕೂಗು, ಬಂದೂಕು. ಕಾರ್ಮಿಕರಿಗೆ ಇಲ್ಲಿ ಮುಖವಿಲ್ಲ, ಸದ್ದು ಮಾತ್ರ. ಬೆಳಗಾದ ಮೇಲೆ ಗೇಟಿನ ಬಳಿ ಒಂದು ದೇಹ ಮಗುಚಿ ಬಿದ್ದಿದೆ, ಐದಾರು ಜನ ಗಾಯಗೊಂಡು ನರಳುತ್ತಿದ್ದಾರೆ. ಸತ್ತವನ ಹೆಸರು ನಮಗೆ ಗೊತ್ತಾಗುವುದಿಲ್ಲ.

ಆ ಕೂಗಿನ ಹತ್ತಿರ ಬ್ರಾಂಟೆ ಬರೆದ ವಾಕ್ಯವೊಂದಿದೆ. ಕನ್ನಡದ ಓದುಗರು ಅದನ್ನು ಮೂಲದಲ್ಲೇ ನೋಡಬೇಕು. ಅಲ್ಲಿ ಆಕೆ ‘ಕ್ಲಾಸ್’ ಕ್ಲಾಸಿನ ವಿರುದ್ಧ ಎದ್ದಿತು ಎಂದು ಬರೆಯುವುದಿಲ್ಲ. ‘ಕಾಸ್ಟ್’ ಕಾಸ್ಟಿನ ವಿರುದ್ಧ ಸಿಟ್ಟಿನಿಂದ ಎದ್ದು ನಿಂತಿತು ಎನ್ನುತ್ತಾರೆ, ದೊಡ್ಡಕ್ಷರದಲ್ಲಿ. ನಮ್ಮ ಜಾತಿಯನ್ನು ಹೆಸರಿಸಲು ಯುರೋಪಿನವರು ಬಳಸಿದ ಪದ ಯಾರ್ಕ್‌ಷೈರಿನ ಗಿರಣಿಯ ಅಂಗಳದಲ್ಲಿ ಬಂದು ಕೂತಿದೆ. ಹುಟ್ಟಿನಿಂದಲೇ ಬೇರೆಯಾದ, ದಾಟಲಾಗದ ಎರಡು ಗುಂಪುಗಳು ಎಂಬ ಭಾವ ಆ ಪದಕ್ಕಿದೆ. ಫ್ಯಾರನ್, ಮೂರ್ ಮಾತಾಡಿಕೊಳ್ಳಬಲ್ಲರು ಎಂದು ಎಂಟನೇ ಅಧ್ಯಾಯದಲ್ಲಿ ತೋರಿಸಿದ ಲೇಖಕಿಯೇ ಇಲ್ಲಿ ಅವರ ನಡುವೆ ಜಾತಿಯ ಗೋಡೆ ಎಬ್ಬಿಸುತ್ತಾರೆ. ಅದೇ ವಾಕ್ಯದ ವಿಶೇಷಣಗಳನ್ನೂ ಗಮನಿಸಿ. ಮಧ್ಯಮ ವರ್ಗ ಅನ್ಯಾಯಕ್ಕೊಳಗಾಗಿ ರೊಚ್ಚಿಗೆದ್ದದ್ದು. ಕಾರ್ಮಿಕರು ಹಸಿದು ಕೆರಳಿದ ಮಂದೆ. ಹಸಿವನ್ನು ಮುಚ್ಚಿಡಲು ಆಕೆಯಿಂದ ಆಗಿಲ್ಲ. ಆದರೆ ಅನ್ಯಾಯವಾಯಿತು ಎಂಬ ಪದವನ್ನು ಹಸಿದವರಿಗೆ ಕೊಟ್ಟಿಲ್ಲ.

ಶರ್ಲಿಯ ಪಾತ್ರದಲ್ಲಿ ಇದೇ ಬಿರುಕು ಇನ್ನೂ ಸ್ಪಷ್ಟ. ಗಂಡುಮಗು ಬಯಸಿದ್ದ ತಂದೆ ತಾಯಿ ಇಟ್ಟ ಗಂಡು ಹೆಸರು ಅದು. ಆಗ ಶರ್ಲಿ ಎಂಬುದು ಹೆಣ್ಣಿನ ಹೆಸರಾಗಿರಲಿಲ್ಲ. ಆಕೆ ಜಮೀನಿನ ಒಡತಿ, ಗಿರಣಿಯ ಜಾಗವೂ ಆಕೆಯದೇ. ಬಡವರಿಗಾಗಿ ಪರಿಹಾರ ನಿಧಿಯನ್ನು ಮುಂದೆ ನಿಂತು ಕಟ್ಟುತ್ತಾಳೆ, ಮನಸ್ಸಿಟ್ಟು ಕೊಡುತ್ತಾಳೆ. ಆದರೆ ಬಡವರು ಗುಂಪು ಕಟ್ಟಿ ಎದ್ದರೆ ನನ್ನ ಆಸ್ತಿಯನ್ನು ಹೆಣ್ಣುಹುಲಿಯಂತೆ ಕಾಯುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಕೊಡುವ ಕೈ, ಕಾಯುವ ಕೈ ಎರಡೂ ಒಂದೇ. ಇದೇ ಶರ್ಲಿಯನ್ನು ಗಿರಣಿ ಉಳಿಸಿಕೊಳ್ಳುವ ಸಲುವಾಗಿ ಮೂರ್ ಮದುವೆಗೆ ಕೇಳಿದಾಗ ಆಕೆ ಕನಲಿ, ನನ್ನನ್ನು ನಿನ್ನ ಗಿರಣಿಗೆ ಬಲಿ ಕೊಡುತ್ತೀಯಾ ಎನ್ನುತ್ತಾಳೆ. ಯುದ್ಧದಿಂದ ಹುಟ್ಟಿದ ಸಾಲ ಮದುವೆಯ ಮಾತಿನವರೆಗೆ ಬಂದಿದೆ. ಕ್ಯಾರೊಲಿನ್‌ನ ಗೋಳೂ ಇದಕ್ಕೆ ಹೊರತಲ್ಲ. ಮಾಡಲು ಕೆಲಸ ಬೇಕು ಎಂದು ಅವಳು ಹಂಬಲಿಸುವುದನ್ನೂ ಫ್ಯಾರನ್ ಕೆಲಸ ಕೇಳುವುದನ್ನೂ ಒಟ್ಟಿಗೆ ಓದಿ. ನನ್ನ ಮಟ್ಟಿಗೆ ಈ ಕಾದಂಬರಿಯ ಅತ್ಯಂತ ಆಳವಾದ ಹೋಲಿಕೆ ಇದೇ, ಬ್ರಾಂಟೆ ಅದನ್ನು ಎತ್ತಿ ತೋರಿಸದಿದ್ದರೂ.

1812ರ ಏಪ್ರಿಲ್ 28ರಂದು ವಿಲಿಯಂ ಹಾರ್ಸ್‌ಫಾಲ್ ಎಂಬ ಗಿರಣಿ ಮಾಲೀಕನನ್ನು ಕ್ರಾಸ್‌ಲಂಡ್ ಮೂರ್ ಎಂಬಲ್ಲಿ ಗುಂಡಿಟ್ಟು ಕೊಂದರು. ಕಾದಂಬರಿಯಲ್ಲೂ ರಾಬರ್ಟ್ ಮೂರ್ ಮೇಲೆ ಗುಂಡು ಹಾರುತ್ತದೆ, ಆದರೆ ಅವನು ಬದುಕುತ್ತಾನೆ. ಹೊಡೆದವನು ಮೈಕೆಲ್ ಹಾರ್ಟ್ಲಿ, ಅರೆಹುಚ್ಚ, ಕುಡುಕ, ಧರ್ಮದ ಅಮಲೇರಿದ ನೇಕಾರ. ರಾಫೋಲ್ಡ್ಸ್‌ನಲ್ಲಿ ಸತ್ತವನ ಅಡ್ಡಹೆಸರೇ ಇವನಿಗೆ ಬಂದಿದೆ. ಹಾರ್ಟ್ಲಿ ಆ ಸೀಮೆಯಲ್ಲಿ ಎಲ್ಲೆಲ್ಲೂ ಇರುವ ಹೆಸರೂ ಹೌದು. ಏನೇ ಇರಲಿ, ವರ್ಗದ ಸಿಟ್ಟಿನಿಂದಾದ ಕೊಲೆ ಇಲ್ಲಿ ಹುಚ್ಚನ ಕೆಲಸವಾಗಿ ಬದಲಾಯಿತು. ದಂಗೆಯ ಮುಂದಾಳುಗಳೂ ಹಾಗೆಯೇ, ಹೊರಗಿನಿಂದ ಬಂದ ದಿವಾಳಿಗಳು, ಕುಡುಕರು. ಹಾರ್ಸ್‌ಫಾಲ್ ಕೊಲೆಗಾಗಿ 1813ರ ಜನವರಿ 8ರಂದು ಯಾರ್ಕ್‌ನಲ್ಲಿ ನೇಣಿಗೇರಿದ ಜಾರ್ಜ್ ಮೆಲರ್ ಹಡರ್ಸ್‌ಫೀಲ್ಡ್ ಸೀಮೆಯ ಕ್ರಾಪರ್, ಅಲ್ಲೇ ಕತ್ತರಿ ಹಿಡಿದು ದುಡಿದವನು. ಅವನ ಜೊತೆ ಇನ್ನಿಬ್ಬರು, ಅದೇ ತಿಂಗಳ 16ರಂದು ಹದಿನಾಲ್ಕು ಜನ. ಈ ಹದಿನೇಳು ನೇಣುಗಳಿಗೆ ಕಾದಂಬರಿಯಲ್ಲಿ ಜಾಗ ಸಿಕ್ಕಿಲ್ಲ. 1812ರ ಬೇಸಿಗೆಯಲ್ಲಿ ಲಡ್ಡೈಟ್ ಜಿಲ್ಲೆಗಳಿಗೆ ಸರಕಾರ ಕಳಿಸಿದ ಸೈನಿಕರು 12,000ಕ್ಕೂ ಹೆಚ್ಚು. 1808ರಲ್ಲಿ ವೆಲ್ಲೆಸ್ಲಿ ಪೋರ್ಚುಗಲ್ಲಿಗೆ ಕರೆದೊಯ್ದ ಪಡೆಗಿಂತ ಅದು ದೊಡ್ಡದು.

ಮೊದಲ ಸಲ ಓದುವವರಿಗೆ ಒಂದು ಸಲಹೆ. ಮೊದಲ ಅಧ್ಯಾಯದಲ್ಲಿ ಮೂವರು ಕಿರಿಯ ಪಾದ್ರಿಗಳು ಊಟಕ್ಕೆ ಕೂತು ಜಗಳವಾಡುತ್ತಾರೆ, ಎಷ್ಟೋ ಜನ ಅಲ್ಲೇ ಪುಸ್ತಕ ಮುಚ್ಚುತ್ತಾರೆ. 2, 8, 17, 18, 19 ಮತ್ತು ಕೊನೆಯ 37ನೇ ಅಧ್ಯಾಯವನ್ನು ಮೊದಲು ಓದಿಕೊಳ್ಳಿ, ಆಮೇಲೆ ಶುರುವಿನಿಂದ ಹಿಡಿಯಿರಿ. 18ನೆಯದರ ಶೀರ್ಷಿಕೆಯೇ, ಇಲ್ಲಿ ಕೆಳವರ್ಗದವರು ಬರುವುದರಿಂದ ಸಭ್ಯ ಓದುಗರು ಬಿಟ್ಟು ಮುಂದೆ ಹೋಗಬಹುದು ಎಂದು ಹೇಳುತ್ತದೆ. ಅದನ್ನು ಮಾತ್ರ ಬಿಡಬೇಡಿ. ಮೂರನೇ ಸಂಪುಟದಲ್ಲಿ ಧ್ವನಿ ಬದಲಾಗಿ ಕಥೆ ರೋಗಿಯ ಹಾಸಿಗೆಯ ಸುತ್ತ ಸುತ್ತತೊಡಗಿದರೆ ಅದಕ್ಕೂ ಕಾರಣವಿದೆ. ಪುಸ್ತಕ ಬರೆಯುತ್ತಿದ್ದ ಎಂಟು ತಿಂಗಳಲ್ಲಿ ಬ್ರಾಂಟೆ ಮೂವರನ್ನು ಕಳಕೊಂಡರು: 1848ರ ಸೆಪ್ಟೆಂಬರಿನಲ್ಲಿ ತಮ್ಮ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ತಂಗಿ ಎಮಿಲಿ, ಮರುವರ್ಷ ಮೇ ತಿಂಗಳಲ್ಲಿ ಕಿರಿಯ ತಂಗಿ ಆ್ಯನ್.

ಮುಕ್ತಾಯಕ್ಕೆ ಬರೋಣ. 1812ರ ಜೂನ್‌ನಲ್ಲಿ ಆರ್ಡರ್ಸ್ ಇನ್ ಕೌನ್ಸಿಲ್ ರದ್ದಾಗುತ್ತವೆ. ಬಂದರು ತೆರೆಯಿತು, ಉಗ್ರಾಣ ಖಾಲಿಯಾಯಿತು, ಮೂರ್ ಉಳಿದ, ಕ್ಯಾರೊಲಿನ್‌ಳನ್ನು ಮದುವೆಯಾದ. ಬ್ರಾಂಟೆ ಕಾದಂಬರಿಯಲ್ಲಿ ಕೊಡುವ ದಿನಾಂಕ ಜೂನ್ 18. ನಿಜವಾಗಿ ಅದೇ ದಿನ ಅಮೆರಿಕ ಬ್ರಿಟನ್ನಿನ ಮೇಲೆ ಯುದ್ಧ ಸಾರಿತ್ತು. ಹಡಗಿನಲ್ಲಿ ಸುದ್ದಿ ದಾಟಲು ವಾರಗಟ್ಟಲೆ ಹಿಡಿಯುತ್ತಿದ್ದ ಕಾಲ, ರದ್ದಾಗುವ ಸಂಗತಿ ಅಲ್ಲಿಗೆ ಮುಟ್ಟಿರಲಿಲ್ಲ. ಕಾದಂಬರಿ ಅತ್ತ ನೋಡುವುದಿಲ್ಲ. ಮೂರ್ ಕಣಿವೆಯ ತುಂಬ ಮನೆ ಕಟ್ಟಿಸುವ, ಕೆಲಸವಿಲ್ಲದವರಿಗೆಲ್ಲ ಕೆಲಸ ಕೊಡುವ ಕನಸು ಹೇಳುತ್ತಾನೆ. ಆಗ ಕ್ಯಾರೊಲಿನ್ ನಮ್ಮ ಹಸಿರು ತೋಪು, ಗುಡ್ಡದ ಗಾಳಿ ಏನಾಗುತ್ತದೆ ಎಂದು ಕೇಳುತ್ತಾಳೆ. ಕೊನೆಯ ಪುಟದಲ್ಲಿ ಕಣಿವೆಯಲ್ಲಿ ಬೈಬಲ್ಲಿನ ಬಾಬೆಲ್ ಗೋಪುರದಂಥ ಚಿಮಣಿ ಎದ್ದಿದೆ, ಹಿಂದೆ ಅಲ್ಲಿ ಯಕ್ಷಿಣಿಯೊಬ್ಬಳು ಕಂಡಿದ್ದಳಂತೆ ಎಂದು ಮುದುಕಿಯೊಬ್ಬಳು ಹೇಳುತ್ತಾಳೆ. ತೋಪು ಹೋದದ್ದಕ್ಕೆ ಬ್ರಾಂಟೆ ಮರುಗುತ್ತಾರೆ, ಆ ಮರುಕ ಪ್ರಾಮಾಣಿಕವಾದದ್ದು. ಫ್ಯಾರನ್ ಎಂದೋ ತೋಟದ ಕೆಲಸಕ್ಕೆ ಸೇರಿಕೊಂಡಿದ್ದಾನೆ.

ಕ್ರಾಪರ್‌ಗಳು ಏನಾದರು? 1817ರಲ್ಲಿ ಅವರು ಮತ್ತೊಮ್ಮೆ ಪಾರ್ಲಿಮೆಂಟಿಗೆ ಲೆಕ್ಕ ಒಪ್ಪಿಸಿದರು. 1806ರಲ್ಲಿ ಯಾರ್ಕ್‌ಷೈರಿನಲ್ಲಿ 5 ಇದ್ದ ಗಿಗ್ ಮಿಲ್ಲು 72 ಆಗಿದ್ದವು. ಯಂತ್ರದಿಂದ ಆಡುವ ಕತ್ತರಿ 100 ಇದ್ದದ್ದು 1,462. ಕಸುಬುದಾರರು 3,378 ಜನ. ಅವರಲ್ಲಿ 1,170 ಮಂದಿಗೆ ಕೆಲಸವೇ ಇಲ್ಲ, 1,445 ಮಂದಿಗೆ ಅರೆಬರೆ ಕೆಲಸ. ಬಂದರು ತೆರೆದು ಐದು ವರ್ಷವಾದ ಮೇಲೆ ಪೂರ್ತಿ ಕೆಲಸವಿದ್ದ ಮಣಿಕಟ್ಟುಗಳು 763.